ಬಿಟ್ಟುಕೊಟ್ಟ ಏಳು ನಿಮಿಷ

ಅವರು ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಕೈತುಂಬ ತಟ್ಟೆ ಹಿಡಿದವನು ಹೊತ್ತು ನೋಡಲು ಕೈ ತಿರುಗಿಸಿದರೆ ಸಾಂಬಾರು ಗಿರಾಕಿಯ ಮಡಿಲಿಗೆ ಬೀಳುತ್ತದೆ, ಅದಕ್ಕೆ ಹೀಗೆ ಎಂದು ಒಮ್ಮೆ ತಿಳಿಸಿ ಹೇಳಿದ್ದರು. ಮೊಣಕೈಯ ಕೆಳಗೆ ಹಳೆಯ ಸುಟ್ಟ ಗುರುತುಗಳು. ಆ ಕೈ ಕೆಂಪು ರಟ್ಟನ್ನು ಮೇಲೆತ್ತಿತು ಎಂದರೆ ಎಂಥ ವಾಗ್ಮಿಯೂ ಮಾತು ಮುಗಿಸಬೇಕು. ನಮ್ಮ ಕ್ಲಬ್ಬಿನಲ್ಲಿ ಒಬ್ಬರಿಗೆ ಏಳೇ ನಿಮಿಷ.

ಅದು ಟಿ. ನಗರದ ಒಂದು ಹಳೇ ಕಟ್ಟಡದ ಮೇಲ್ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಭಾಷಣದ ಕ್ಲಬ್ಬು. ಕನ್ನಡ, ತಮಿಳು, ಇಂಗ್ಲಿಷು, ಯಾವುದರಲ್ಲಿ ಬೇಕಾದರೂ ಮಾತಾಡಬಹುದು. ವಾರಕ್ಕೆ ನಾಲ್ಕೇ ಜನರಿಗೆ ಸರದಿ. ಸೇರಿದವರೆಲ್ಲ ಮೊದಲು ತಮ್ಮನ್ನು ಪರಿಚಯಿಸಿಕೊಳ್ಳುವ ಭಾಷಣ ಮಾಡಬೇಕು. ಅದಾದ ಮೇಲೆಯೇ ಮುಂದಿನ ಪಾಠ. ಹೊತ್ತು ನೋಡುವ ಕೆಲಸ ಅವರದು. ಅವರನ್ನು ಎಲ್ಲರೂ ಟೈಮ್ ಸಾರ್ ಎನ್ನುತ್ತಿದ್ದರು. ಹುಟ್ಟಿದ್ದು ಕುಂದಾಪುರದ ಕಡೆ. ಮೂವತ್ತೇಳು ವರ್ಷ ಈ ಊರಿನ ಹೋಟೆಲಿನಲ್ಲಿ ಸಪ್ಲೈಯರ್ ಆಗಿ, ಸೂಪರ್‌ವೈಸರ್ ಆಗಿ ದುಡಿದು ನಿವೃತ್ತರಾದವರು. ಕ್ಲಬ್ಬಿಗೆ ಸೇರಿ ಐದು ವರ್ಷವಾದರೂ ಆ ಮೊದಲ ಭಾಷಣವನ್ನು ಮಾತ್ರ ಅವರು ಇನ್ನೂ ಮಾಡಿರಲಿಲ್ಲ.

ಅವರನ್ನು ನೆನೆದಾಗ ನನಗೆ ಈಗಲೂ ಮೊದಲು ಸಿಟ್ಟೇ ಬರುತ್ತದೆ.

ನಾನು ಕೀಲ್ಪಾಕಿನ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹನ್ನೆರಡು ವರ್ಷ ರಕ್ತದ ಮಾದರಿ ನೋಡಿದವಳು ಹತ್ತು ಮನುಷ್ಯರ ಮುಖ ನೋಡಿದರೆ ಬೆವರುತ್ತಿದ್ದೆ. ನಮ್ಮ ವಿಭಾಗದ ಮುಖ್ಯಸ್ಥೆಯಾಗಬೇಕಾದರೆ ಡಾಕ್ಟರುಗಳ ಮುಂದೆ ನಿಂತು ತರಬೇತಿ ಕೊಡಲು ಬರಬೇಕು. ನನಗಿಂತ ಚಿಕ್ಕವರಿಬ್ಬರು ಮಾತಿನ ಬಲದಿಂದಲೇ ನನ್ನನ್ನು ದಾಟಿ ಹೋಗಿದ್ದರು. ಆ ಹೊಟ್ಟೆಕಿಚ್ಚಿನಲ್ಲೇ ಕ್ಲಬ್ಬಿಗೆ ಸೇರಿದೆ.

ಮೊದಲ ಭಾಷಣದಲ್ಲಿ ಒಂದು ನಿಮಿಷ ತುಂಬುವುದರೊಳಗೆ ನನ್ನ ಬಾಯಿ ಕಟ್ಟಿತು. ಹೆಸರು, ಊರು, ಅಪ್ಪನ ಅಂಗಡಿ, ಅಷ್ಟೇ. ವೇದಿಕೆಯಿಂದ ಇಳಿದು ಚಪ್ಪಲಿ ಮೆಟ್ಟಿ ಓಡುವುದರಲ್ಲಿದ್ದೆ. ಅವರು ಮೆಟ್ಟಿಲ ಹತ್ತಿರ ಬಂದು ನಿಂತರು.

“ಮಾತು ನಿಂತದ್ದಕ್ಕೆ ಎಂತ ನಾಚಿಕೆ? ಸಪ್ಲೈಯರ್ ಹೊಸತರಲ್ಲಿ ತಿಂಡಿ ಹೆಸರೆಲ್ಲ ಒಂದೇ ಉಸಿರಿಗೆ ಒದರ್ತಾನೆ. ಗಿರಾಕಿಗೆ ಒಂದೂ ಗೊತ್ತಾಗುದಿಲ್ಲ. ನೀನು ಒಂದು ಮೇಜಿಗೆ ಒಂದೇ ಮಾತು ಹೇಳು. ಅವರ ಮುಖ ನೋಡು. ಅವರಿಗೆ ಮುಟ್ಟಿತು ಅಂತ ಆದ್ಮೇಲೆ ಮುಂದಿನ ಮೇಜಿಗೆ ಹೋಗು.”

ನಾನು ಕಲಿತ ವಿದ್ಯೆ ಇಷ್ಟೇ. ಮುಂದೆ ಪುಸ್ತಕ ಓದಿದೆ, ವಿಡಿಯೋ ನೋಡಿದೆ, ಯಾವುದೂ ಇದರಷ್ಟು ಕೆಲಸಕ್ಕೆ ಬರಲಿಲ್ಲ. ಸಭೆ ಮುಗಿದ ಮೇಲೆ ಅವರು ಖಾಲಿ ಕುರ್ಚಿಗಳನ್ನು ನಾಲ್ಕು ನಾಲ್ಕಾಗಿ ಜೋಡಿಸಿ, ಒಂದೊಂದು ಗುಂಪಿಗೂ ಒಂದೊಂದು ವಾಕ್ಯ ಹೇಳಿಸುತ್ತಿದ್ದರು. ಅವಸರ ಮಾಡಿದರೆ, “ಆ ಮೇಜಿನವರಿಗೆ ಇನ್ನೂ ನೀರೇ ಇಟ್ಟಿಲ್ಲ ನೀನು,” ಎನ್ನುತ್ತಿದ್ದರು.

ಇಷ್ಟು ಬಲ್ಲ ಮನುಷ್ಯ ತಾನು ಮಾತ್ರ ವೇದಿಕೆ ಹತ್ತುತ್ತಿರಲಿಲ್ಲ. ಹಾಗೆಂದು ಸರದಿ ಹಾಕಿಸಿಕೊಳ್ಳುತ್ತಿರಲಿಲ್ಲ ಎಂದಲ್ಲ. ಎರಡು ತಿಂಗಳಿಗೊಮ್ಮೆ ಪಟ್ಟಿಯಲ್ಲಿ ಅವರ ಹೆಸರಿರುತ್ತಿತ್ತು. ಶನಿವಾರ ಸಂಜೆ ಯಾರಾದರೊಬ್ಬರು ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಮೆಸೇಜು ಹಾಕುತ್ತಿದ್ದರು: ಸಾರ್, ನನಗೆ ಬುಧವಾರ ಇಂಟರ್‌ವ್ಯೂ, ನಿಮ್ಮ ಸರದಿ ಕೊಡ್ತೀರಾ? ಇನ್ನೊಬ್ಬನಿಗೆ ಕಾಲೇಜಿನಲ್ಲಿ ಸ್ಪರ್ಧೆ, ಮತ್ತೊಬ್ಬಳಿಗೆ ಆಫೀಸಿನಲ್ಲಿ ಮೀಟಿಂಗು. ಎರಡೇ ನಿಮಿಷದಲ್ಲಿ ಉತ್ತರ ಬರುತ್ತಿತ್ತು: “ಅಡ್ಡಿಲ್ಲ.”

ಆ ‘ಅಡ್ಡಿಲ್ಲ’ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬಂತೆ, ಕೊಡುತ್ತಾರೆಂದು ಗೊತ್ತಾದ ಮೇಲೆ ಎಲ್ಲರೂ ಅವರನ್ನೇ ಕೇಳುತ್ತಿದ್ದರು. ಇಂಟರ್‌ವ್ಯೂ ಗೆದ್ದವರು ಕೆಲಸ ಸಿಕ್ಕಿದ ಮೇಲೆ ಕ್ಲಬ್ಬಿನ ಕಡೆ ತಲೆ ಹಾಕುತ್ತಿರಲಿಲ್ಲ. ಒಂದು ದಿನ ಮುಖಕ್ಕೇ ಕೇಳಿಬಿಟ್ಟೆ.

“ಏನ್ ಸಾರ್ ಇದು? ನಿಮಗೆ ಭಯಾನಾ? ಇಲ್ಲಾಂದ್ರೆ ದೊಡ್ಡ ತ್ಯಾಗಿ ಅನ್ನಿಸ್ಕೋಬೇಕಾ?”

“ಹೋಟ್ಲಲ್ಲಿ ಇಲ್ಲ ಅನ್ನುವ ಹಾಗಿಲ್ಲ ಮಾರಾಯ್ತಿ,” ಎಂದು ನಕ್ಕರು. “ಇಡ್ಲಿ ಮುಗಿದಿದ್ರೆ ‘ಬಿಸಿ ದೋಸೆ ಉಂಟು’ ಅನ್ಬೇಕು. ಸೇರಿದ ದಿನವೇ ಧಣಿಗಳು ಕಲಿಸಿದ್ದು ಅದು.”

“ಇದು ಹೋಟ್ಲಲ್ಲ ಸಾರ್,” ಎಂದೆ.

ಹಟ ಹಿಡಿದು ನಾನೇ ಕಾರ್ಯದರ್ಶಿಗೆ ಹೇಳಿ ಒಂದು ಭಾನುವಾರವನ್ನು ಅವರಿಗೆಂದೇ ಗುರುತು ಮಾಡಿಸಿದೆ. ಯಾರು ಕೇಳಿದರೂ ಕೊಡುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡೆ. ಆ ಶನಿವಾರ ಒಬ್ಬ ಕೇಳಿದಾಗ ಅವರಿಗಿಂತ ಮೊದಲು ನಾನೇ ಗುಂಪಿನಲ್ಲಿ ಬರೆದೆ: ಈ ವಾರ ಸಾರ್ ಮಾತಾಡ್ತಾರೆ, ಯಾರೂ ಕೇಳಬೇಡಿ.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಭಾನುವಾರ ಬೆಳಿಗ್ಗೆ ನಾನು ಬಸ್ಸಿನಲ್ಲಿರುವಾಗ ಆಸ್ಪತ್ರೆಯಿಂದ ಫೋನು ಬಂತು. ಗುರುವಾರ ನಾನು ಡಾಕ್ಟರುಗಳಿಗೆ ಕೊಡಬೇಕಿದ್ದ ತರಬೇತಿ ನಾಳೆಗೇ ಬಂದಿದೆ, ದೊಡ್ಡ ಡಾಕ್ಟರೂ ಕೂರುತ್ತಾರೆ. ಮುಖ್ಯಸ್ಥೆಯ ಹುದ್ದೆ ಅದರ ಮೇಲೇ ನಿಂತಿತ್ತು. ಕ್ಲಬ್ಬಿಗೆ ಬರುವ ಹೊತ್ತಿಗೆ ಮೊದಲ ದಿನದ ಹೆದರಿಕೆ ಮತ್ತೆ ಹತ್ತಿಕೊಂಡಿತ್ತು.

ಅವರು ಆಗಲೇ ಬಂದು ಕೂತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸದಾಗಿ ಕತ್ತರಿಸಿದ ಕೂದಲು, ಅಂಗಿಯ ಕಿಸೆಯಲ್ಲಿ ನಾಲ್ಕಾಗಿ ಮಡಿಸಿದ ಕಾಗದ. ಅಂದು ರಟ್ಟು ಹಿಡಿಯಲು ಬೇರೊಬ್ಬರನ್ನು ಕೂರಿಸಿದ್ದರು. ಇಷ್ಟೆಲ್ಲ ನನ್ನ ಕಣ್ಣಿಗೆ ಬಿತ್ತು. ಕಂಡೂ ಕೇಳಿದೆ.

“ಸಾರ್, ನಾಳೇನೇ ನನ್ನ ಕ್ಲಾಸಂತೆ. ಒಂದೇ ಸಲ ಇಲ್ಲಿ ಹೇಳಿ ನೋಡ್ಕೋತೀನಿ. ನಿಮ್ಮದು ಮುಂದಿನ ವಾರ...”

ಅವರ ಕೈ ಕಿಸೆಯವರೆಗೆ ಹೋಯಿತು. ಬಾಯಿ ತೆರೆದರು. ಈಗ ಬೈಯುತ್ತಾರೆ ಎಂದುಕೊಂಡೆ. ನಿಜವಾಗಿ, ಬೈಯಲಿ ಎಂದೇ ಒಳಗೊಳಗೆ ಆಸೆಯಿತ್ತು. ಕಿಸೆಯ ಕಾಗದವನ್ನು ಇನ್ನಷ್ಟು ಒಳಕ್ಕೆ ತಳ್ಳಿ, “ಅಡ್ಡಿಲ್ಲ. ನೀನು ಹೋಗು,” ಎಂದರು. ಎದ್ದುಹೋಗಿ ಆ ಬೇರೊಬ್ಬರ ಕೈಯಿಂದ ರಟ್ಟುಗಳನ್ನು ತಾವೇ ಇಸಿದುಕೊಂಡರು.

ಅಂದು ನಾನು ಚೆನ್ನಾಗಿ ಮಾತಾಡಿದೆ. ಒಂದೊಂದು ಮೇಜಿಗೆ ಒಂದೊಂದು ಮಾತು. ಕೆಂಪು ರಟ್ಟು ಮೇಲೇಳುವ ಮೊದಲೇ ಮುಗಿಸಿದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅವರು. ಸೋಮವಾರದ ತರಬೇತಿಯೂ ಗೆದ್ದಿತು. ಈಗ ನಾನು ಆ ವಿಭಾಗದ ಮುಖ್ಯಸ್ಥೆ.

ಮುಂದಿನ ಭಾನುವಾರ ಅವರು ಬರಲಿಲ್ಲ. ಜ್ವರ ಎಂದರು. ಅದರ ಮುಂದಿನ ಭಾನುವಾರದೊಳಗೆ ಹೋಗಿಯೇಬಿಟ್ಟರು. ಎದೆನೋವಂತೆ, ಆಸ್ಪತ್ರೆ ಮುಟ್ಟುವಷ್ಟೂ ಸಮಯ ಕೊಡಲಿಲ್ಲವಂತೆ. ಗುಂಪಿನಲ್ಲಿ ಸುದ್ದಿ ಓದಿ ನಾನು ಅಳಲಿಲ್ಲ. ಲ್ಯಾಬಿನ ಬಾಗಿಲು ಹಾಕಿಕೊಂಡು ಅವರನ್ನು ಬೈದೆ. ಒಂದೇ ಒಂದು ಸಲ ಆಗುವುದಿಲ್ಲ ಎನ್ನಲು ಏನಾಗಿತ್ತು ಈ ಮನುಷ್ಯನಿಗೆ?

ಹದಿನೈದು ದಿನ ಬಿಟ್ಟು ರಾಯಪುರಂನಲ್ಲಿದ್ದ ಅವರ ಮನೆಗೆ ಹೋದೆ. ಬಾಗಿಲು ತೆಗೆದ ಮೊಮ್ಮಗಳಿಗೆ ಕ್ಲಬ್ಬಿನವಳು ಎಂದು ಕನ್ನಡದಲ್ಲಿ ಹೇಳಿದರೆ, ತಮಿಳಿನಲ್ಲಿ ಉತ್ತರ ಕೊಟ್ಟಳು: “ತಾತಾ ದಿನಮುಂ ಮಾಡಿಲೆ ಪೇಸುವಾರು.” ತಾತ ದಿನಾ ಟೆರೇಸಿನ ಮೇಲೆ ಭಾಷಣ ಮಾಡುತ್ತಿದ್ದರಂತೆ.

ಅವರ ಹೆಂಡತಿ ಕಾಫಿ ತಂದಿಟ್ಟು ಎದುರಿಗೆ ಕೂತರು.

“ಬಟ್ಟೆ ಒಣಗ್ಸಲಿಕ್ಕೆ ಹೋದಾಗೆಲ್ಲ ಕೇಳಿ ಕೇಳಿ ನಂಗೆ ಬಾಯಿಪಾಠ ಆಗಿದೆ. ಹೇಳ್ಲಾ?” ಎಂದರು. ನಾನು ತಲೆಯಾಡಿಸಿದೆ. ಅವರು ಸೆರಗು ಸರಿಮಾಡಿಕೊಂಡು, ಗೋಡೆಯ ಕಡೆ ನೋಡುತ್ತ ಶುರು ಮಾಡಿದರು.

“ಎಲ್ಲರಿಗೂ ನಮಸ್ಕಾರ. ಮೂವತ್ತೇಳು ವರ್ಷ ನಾನು ಸಾವಿರ ತಿಂಡಿಯ ಹೆಸರು ಹೇಳಿದ್ದೇನೆ. ‘ಇಲ್ಲ’ ಅನ್ನುವ ಒಂದು ಮಾತು ಮಾತ್ರ ಹೇಳಿಲ್ಲ. ಹಬ್ಬದ ದಿನ ಕೆಲಸಕ್ಕೆ ಬಾ ಅಂದ್ರು, ಹೋದೆ. ಮಗಳ ಹೆರಿಗೆಯ ದಿನವೂ ಬಾ ಅಂದ್ರು, ಹೋದೆ. ಗಿರಾಕಿಗೆ ಇಲ್ಲ ಅನ್ನಬಾರದು ಅಂತ ಕಲಿತವನಿಗೆ ಲೋಕದಲ್ಲಿ ಎಲ್ಲರೂ ಗಿರಾಕಿಗಳೇ ಆಗಿಬಿಟ್ರು. ನೀವೆಲ್ಲ ಇಲ್ಲಿಗೆ ದೊಡ್ಡ ದೊಡ್ಡ ಮಾತು ಕಲೀಲಿಕ್ಕೆ ಬಂದಿದ್ದೀರಿ. ನಾನು ಆ ಒಂದು ಮಾತು ಕಲೀಲಿಕ್ಕೆ ಬಂದಿದ್ದೇನೆ.”

ನನ್ನ ಕಾಫಿ ಕೆನೆಗಟ್ಟಿತ್ತು.

“ಇನ್ನೂ ಸ್ವಲ್ಪ ಉಂಟು, ಆಮೇಲೆ ಹೇಳ್ತೇನೆ,” ಎಂದರು. “ಬಿಳಿ ಅಂಗಿ ಹಾಕ್ಕೊಂಡು ಹೋದ ಆ ಭಾನುವಾರ ಇವರು ಮನೆಗೆ ಬಂದು ಊಟಕ್ಕೇ ಕೂರ್ಲಿಲ್ಲ. ಹೇಗಾಯ್ತು ಅಂತ ಕೇಳಿದೆ. ಎಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು ಅಂದ್ರು. ಅವರದ್ದು ಹೌದು ಅಂದ್ರೆ ಹೌದು, ಸುಳ್ಳು ಹೇಳುವ ಜನ ಅಲ್ಲ. ಆದ್ರೂ ಕೇಳ್ತೇನೆ. ಅವರ ಭಾಷಣಕ್ಕೆ ಎಲ್ಲರೂ ಎದ್ದು ನಿಂತಿದ್ರಾ ಅಮ್ಮ?”

ವಿಭಾಗದ ಮುಖ್ಯಸ್ಥೆ ನಾನು. ಐವತ್ತು ಡಾಕ್ಟರುಗಳ ಮುಂದೆ ನಡುಗದೆ ಮಾತಾಡುವವಳು. ಆ ಹೆಂಗಸಿನ ಮುಖ ನೋಡಿದೆ. ಇಲ್ಲ ಎಂಬ ಎರಡಕ್ಷರ ನಾಲಿಗೆಯ ತುದಿಯವರೆಗೆ ಬಂದು ನಿಂತಿತು.

“ಹೌದಮ್ಮ,” ಎಂದೆ. “ಎಲ್ಲರೂ ಎದ್ದು ನಿಂತಿದ್ರು.”