ಭಾವನಿಗೆ ಕೊಟ್ಟ ಎಂಟು ನಂಬರಿನ ಶೂ

ಮುಂಬಯಿ ಪಕ್ಕದ ಡೊಂಬಿವಲಿ, ಠಾಕುರ್ಲಿ ಕಡೆಯ ನಾವು ಹತ್ತು ಹನ್ನೆರಡು ಜನ ಕನ್ನಡದವರು ಭಾನುವಾರ ಬೆಳಿಗ್ಗೆ ಒಟ್ಟಿಗೆ ಓಡುತ್ತೇವೆ. ಹೊಸದಾಗಿ ಸೇರುವವರಿಗೆಂದು ಒಂದು ಪುಟ ಬರೆದುಕೊಡಿ ಎಂದು ಗುಂಪಿನವರು ನನ್ನನ್ನು ಕೇಳಿದರು. ರಸ್ತೆಯಲ್ಲಿ ಓಡಲು ಮೊದಲ ಶೂ ಹೇಗೆ ಆರಿಸಬೇಕು ಎಂಬುದು ವಿಷಯ. ನಾನು ಹೀಗೆ ಶುರು ಮಾಡಿದೆ: ಶೂ ಕೊಳ್ಳುವುದಾದರೆ ಸಂಜೆ ಕೊಳ್ಳಿ, ದಿನವಿಡೀ ನಿಂತ ಕಾಲು ಬೆಳಗಿನ ಕಾಲಿಗಿಂತ ದೊಡ್ಡದಿರುತ್ತದೆ.

ಮಾತು ಸರಿಯಾಗಿಯೇ ಇದೆ. ಆದರೆ ಅಲ್ಲಿಂದ ಮುಂದೆ ಬರೆಯಲಾಗಲಿಲ್ಲ. ದಿನವಿಡೀ ನಿಂತ ಕಾಲು ಎಂದಾಗ ನನ್ನ ಕಣ್ಣಿಗೆ ಬರುವುದು ನನ್ನ ಕಾಲಲ್ಲ. ನಾನು ಐರೋಲಿಯ ಆಫೀಸಿನಲ್ಲಿ ದಿನವಿಡೀ ಕೂತಿರುವವನು. ನಿಂತಿರುವವರು ನನ್ನ ಭಾವ, ಅಕ್ಕನ ಗಂಡ, ಕಾಮೋಠೆಯಲ್ಲಿ ಸಣ್ಣದೊಂದು ವೆಜ್ ಹೊಟೇಲು ನಡೆಸುವವರು. ಅವರ ಎಡಗಾಲಿನಲ್ಲಿ ಈಗ ನಾಲ್ಕು ಬೆರಳುಗಳಿವೆ.

ಆ ಪುಟವನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ ಎಂದು ಮಾತು ಕೊಡಲಾರೆ. ಈ ಕಥೆಯನ್ನು ಈಗಾಗಲೇ ಹಲವು ಸಲ ಹೇಳಿದ್ದೇನೆ, ಪ್ರತಿ ಸಲವೂ ಅದು ನನಗೆ ಬೇಕಾದ ಕಡೆಗೆ ಸ್ವಲ್ಪ ಬಾಗಿದೆ.

ನನ್ನ ಮೊದಲ ಶೂ ಕಿತ್ತಳೆ ಬಣ್ಣದ್ದು. ಠಾಣೆಯ ಒಂದು ಮಾಲ್‌ನಲ್ಲಿ, ಅಂಗಡಿ ಆಗಷ್ಟೇ ತೆರೆದ ಹೊತ್ತಿನಲ್ಲಿ, ಕುರ್ಚಿಯ ಮೇಲೆ ಕೂತೇ ಹಾಕಿ ನೋಡಿದೆ. ಒಮ್ಮೆ ಎದ್ದು ಕನ್ನಡಿಯ ಮುಂದೆ ನಿಂತೆ. ಕನ್ನಡಿಯಲ್ಲಿ ಕಾಲು ಚೆನ್ನಾಗಿ ಕಂಡಿತು. ಆಫೀಸಿನ ಶೂ ಎಂಟು ನಂಬರು, ಹಾಗಾಗಿ ಇದೂ ಎಂಟು. ಆಗ ನನಗೆ ನಲವತ್ತಮೂರು. ಓಡುವುದೆಂದರೆ ಅಲ್ಲಿಯವರೆಗೆ ಏಳೂವರೆಯ ಲೋಕಲ್ ಹಿಡಿಯಲು ಸೇತುವೆಯ ಮೆಟ್ಟಿಲು ಇಳಿಯುವುದು, ಅಷ್ಟೇ.

ಠಾಕುರ್ಲಿಯ ನೈಂಟಿ ಫೀಟ್ ರೋಡಿನಲ್ಲಿ ಮೂರು ಭಾನುವಾರ ಓಡಿದೆ. ನಾಲ್ಕು ಎಂದು ಗುಂಪಿನವರಲ್ಲಿ ಒಬ್ಬರು ಹೇಳುತ್ತಾರೆ. ಮೂರನೆಯದರ ಹೊತ್ತಿಗೆ ಎರಡೂ ಕಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ನಾನು ಅದನ್ನು ಗುಂಪಿಗೆ ತೋರಿಸಿದೆ, ಎಲ್ಲರೂ ನಕ್ಕರು. ಓಡುವವರಲ್ಲಿ ಕಪ್ಪು ಉಗುರಿಗೆ ಒಂದು ಬಗೆಯ ಗೌರವವಿದೆ. ಒಬ್ಬರು ಮಾತ್ರ ನನ್ನ ಶೂ ನೋಡಿ, ಸಾಯೇಬ್ರೇ, ಇದು ಓಡ್ಲಿಕ್ಕೆ ತಗೊಂಡದ್ದಾ ಮದುವೆಗೆ ತಗೊಂಡದ್ದಾ ಎಂದು ಕೇಳಿ, ನೆರೂಳಿನ ಒಂದು ಹಳೆಯ ಅಂಗಡಿಗೆ ಹೋಗಲು ಹೇಳಿದರು.

ಅಲ್ಲಿದ್ದವನು ನರೆಗೂದಲಿನ ಮಾರಾಟಗಾರ. ಹೊಸ ಶೂ ತೋರಿಸುವ ಬದಲು ಮೊದಲು ನನ್ನ ಹಳೆಯದನ್ನು ಕೇಳಿದ. ಒಳಗಿನ ಮೆತ್ತೆಯನ್ನು ಎಳೆದು ತೆಗೆದು ಬೆಳಕಿಗೆ ಹಿಡಿದ. ಅದರ ಮೇಲೆ ನನ್ನ ಐದು ಬೆರಳುಗಳ ಗುರುತು ಕಪ್ಪಗೆ ಮೂಡಿತ್ತು, ತುದಿಗಳು ಅಂಚನ್ನು ದಾಟಿ ಮೇಲೆ ಹತ್ತಿದ್ದವು. ಬೆರಳು ಗೋಡೆ ಹತ್ತುತ್ತಿದೆ ನೋಡಿ ಎಂದು ಮರಾಠಿಯಲ್ಲಿ ಹೇಳಿದ. ಈ ಕಂಪನಿಯ ಎಂಟು ಎಂದರೆ ಬೇರೆಯವರ ಏಳೂವರೆ, ಎಂಟು ಹಾಕುವ ಯಾರಿಗೂ ಇದು ಆಗುವುದಿಲ್ಲ ಎಂದ. ನಿಲ್ಲಿಸಿ, ನಡೆಸಿ, ಶೂವಿನ ಮುಂಭಾಗದಲ್ಲಿ ತನ್ನ ಕೈಯ ಹೆಬ್ಬೆರಳನ್ನು ಒತ್ತಿ ಅಷ್ಟು ಜಾಗ ಉಳಿದಿದೆಯೇ ಎಂದು ನೋಡಿ, ಒಂಬತ್ತು ನಂಬರಿನ ಬೂದು ಬಣ್ಣದ ಜೋಡಿಯನ್ನು ಕೊಟ್ಟ. ಚಂದ ಏನೂ ಇರಲಿಲ್ಲ. ಮರುದಿನ ಓಡುವಾಗ ಕಾಲಿದೆ ಎಂಬುದೇ ಮರೆತುಹೋಯಿತು.

ಇಷ್ಟರಲ್ಲಿ ನನಗೆ ಎಲ್ಲವೂ ತಿಳಿದಿತ್ತು. ಇದನ್ನು ಇಲ್ಲಿ ಬಿಡಿಯಾಗಿ ಬರೆದಿಡಬೇಕು. ಏಕೆಂದರೆ ಮುಂದೆ ಅನೇಕ ಕಡೆ ನನಗೆ ಏನೂ ತಿಳಿದಿರಲಿಲ್ಲ ಎಂಬಂತೆ ನಾನು ಮಾತಾಡಿದ್ದೇನೆ.

ಎರಡು ವಾರಕ್ಕೆ ದೀಪಾವಳಿ ಬಂತು. ಹಬ್ಬಕ್ಕೆ ಅಕ್ಕನ ಮನೆಗೆ ಹೋಗುವಾಗ ಭಾವನಿಗೆ ಏನಾದರೂ ಒಯ್ಯುವುದು ನಮ್ಮ ಮನೆಯ ವಾಡಿಕೆ. ಅಪ್ಪ ಇದ್ದಾಗ ಅಪ್ಪ ಒಯ್ಯುತ್ತಿದ್ದರು, ಪಂಚೆಯೋ ಅಂಗಿಯ ಬಟ್ಟೆಯೋ. ಈಗ ನಾನು. ವಾಡಿಕೆಯಲ್ಲಿ ಒಂದೇ ಷರತ್ತು, ಅದು ಹೊಸದಿರಬೇಕು. ಅಳಿಯನಿಗೆ ಬಳಸಿದ್ದನ್ನು ಕೊಡುವವರು ಯಾರೂ ಇಲ್ಲ. ಕೊಟ್ಟದ್ದನ್ನು ಅವರೂ ಹಾಗೆಯೇ ಸ್ವೀಕರಿಸಬೇಕು. ಹೆಂಡತಿಯ ತವರಿನಿಂದ ಬಂದದ್ದಕ್ಕೆ ಬಣ್ಣ ಸರಿಯಿಲ್ಲ, ಅಳತೆ ಸರಿಯಿಲ್ಲ ಎನ್ನುವುದು ಮಾವನ ಮನೆಯವರ ಮುಖಕ್ಕೆ ಹೊಡೆದ ಹಾಗೆ.

ಕಿತ್ತಳೆ ಶೂ ಮನೆಯಲ್ಲಿ ಸುಮ್ಮನೆ ಬಿದ್ದಿತ್ತು. ಎಸೆಯಲು ಮನಸ್ಸು ಬರಲಿಲ್ಲ. ಹಿಂದಿನ ಸಲ ಹೋದಾಗ ಅಕ್ಕನ ಮನೆಯ ಬಾಗಿಲ ಹೊರಗೆ ಬಿಟ್ಟಿದ್ದ ಭಾವನ ಚಪ್ಪಲಿಯನ್ನು ತಿರುಗಿಸಿ ನೋಡಿದ್ದೆ, ಅಡಿಯಲ್ಲಿ ಎಂಟು ಎಂದಿತ್ತು. ಯಾಕೆ ತಿರುಗಿಸಿ ನೋಡಿದ್ದೆ? ಆಗಲೇ ಯೋಚನೆ ಇತ್ತು ಎಂದಾಯಿತಲ್ಲ. ಬಾತ್‌ರೂಮಿನಲ್ಲಿ ಕೂತು ಹಳೆಯ ಟೂತ್‌ಬ್ರಶ್ಶಿನಿಂದ ಅಟ್ಟೆಯ ಸಂದಿಯ ಮಣ್ಣನ್ನು ತೆಗೆದೆ. ಲೇಸು ಬಿಚ್ಚಿ ತೊಳೆದು ಒಣಗಿಸಿ ಅಂಗಡಿಯವರು ಕಟ್ಟುವ ಹಾಗೆ ಕಟ್ಟಿದೆ. ತೆಳು ಕಾಗದದಲ್ಲಿ ಸುತ್ತಿ ಅದೇ ಡಬ್ಬಿಯಲ್ಲಿಟ್ಟೆ. ಹೆಂಡತಿ ನೋಡಿ, ವಾಚ್‌ಮನ್‌ಗೆ ಕೊಡ್ಲಿಕ್ಕೆ ಇಷ್ಟು ಉಜ್ಜಬೇಕಾ ಎಂದಳು. ನಾನು ಅಲ್ಲವೆನ್ನಲಿಲ್ಲ. ಒಳಗಿನ ಮೆತ್ತೆಯನ್ನು ಎಳೆದು ನೋಡಲಿಲ್ಲ. ಮರೆತದ್ದು ಎಂದು ಬರೆದಿದ್ದೆ, ಈಗ ಹೊಡೆದುಹಾಕಿದೆ.

ಠಾಣೆಯಲ್ಲಿ ಗಾಡಿ ಬದಲಾಯಿಸಿ ಪನ್ವೇಲ್ ಲೋಕಲ್‌ನಲ್ಲಿ ಕಾಮೋಠೆಯ ಮಾನಸರೋವರ ಸ್ಟೇಷನ್ನಿನವರೆಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಭಾವ ಡಬ್ಬಿ ತೆರೆದು, ಇಷ್ಟು ಬಣ್ಣದ್ದು ನಂಗೆ ಯಾಕೆ ಮಾರಾಯ, ಗಿರಾಕಿಗಳು ದೋಸೆ ಬಿಟ್ಟು ನನ್ನ ಕಾಲು ನೋಡ್ತಾರೆ ಎಂದರು. ಡಾಕ್ಟರು ನಡೆಯಲು ಹೇಳಿದ್ದರಿಂದ ತಂದದ್ದು ಒಳ್ಳೆಯದಾಯಿತು ಎಂದು ಅಕ್ಕ ಹೇಳಿದಳು. ಭಾವನಿಗೆ ಹಲವು ವರ್ಷಗಳಿಂದ ಶುಗರ್ ಇತ್ತು. ಅದು ಎಲ್ಲರಿಗೂ ಗೊತ್ತು. ಹಬ್ಬದ ದಿನವೂ ಅವರ ಪಾಯಸದ ಬಟ್ಟಲು ಖಾಲಿ ಇರುತ್ತದೆ. ಅವರು ಶೂ ಹಾಕಿ ಹಾಲ್‌ನಲ್ಲಿಯೇ ನಾಲ್ಕು ಹೆಜ್ಜೆ ನಡೆದರು. ಹೊಸ ಶೂ ಎಂದು ಅಕ್ಕ ಒಳಗೆ ನಡೆಯಲು ಬಿಟ್ಟಳು. ಹೊಸದಾದರೆ ಮಾತ್ರ ನಮ್ಮ ಮನೆಗಳಲ್ಲಿ ಹಾಗೆ ಬಿಡುತ್ತಾರೆ.

ಆಗುತ್ತದೆಯೇ ಎಂದು ನಾನು ಕೇಳಿದೆ. ಆಗುತ್ತದೆ ಎಂದರು. ನಾನು ಕಾಲನ್ನು ಮುಟ್ಟಿ ನೋಡಲಿಲ್ಲ. ನೆರೂಳಿನವನು ಹೆಬ್ಬೆರಳು ಒತ್ತಿ ತೋರಿಸಿಕೊಟ್ಟು ಆಗಿನ್ನೂ ಮೂರು ವಾರವಾಗಿರಲಿಲ್ಲ.

ಆಮೇಲೆ ಅವರು ಬೆಳಿಗ್ಗೆ ಹೊಟೇಲು ತೆರೆಯುವ ಮೊದಲು ನಡೆಯಲು ಹೋಗುತ್ತಿದ್ದಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ವಾಪಸು ಬಂದು ಬದಲಾಯಿಸಲು ಹೊತ್ತಿಲ್ಲದೆ ಅದರಲ್ಲೇ ಕೌಂಟರಿಗೆ, ಅದರಲ್ಲೇ ಒದ್ದೆ ನೆಲದ ಅಡುಗೆಕೋಣೆಗೆ. ನನಗೆ ಖುಷಿಯಾಯಿತು. ಖುಷಿಯಾದದ್ದು ನಿಜ, ಅದನ್ನು ಅಳಿಸುವುದಿಲ್ಲ. ಗುಂಪಿನವರ ಮುಂದೆ, ನಮ್ಮ ಭಾವನನ್ನೂ ನಡೆಯಲು ಹಚ್ಚಿದೆ ಎಂದು ಹೇಳಿಕೊಂಡೆ.

ಡಿಸೆಂಬರಿನ ಒಂದು ಮಧ್ಯಾಹ್ನ ಅಕ್ಕನ ಫೋನು ಬಂದಾಗ ಆಫೀಸಿನಲ್ಲಿದ್ದೆ. ಕಾಲುಚೀಲ ಒಗೆಯುವಾಗ ಅವಳಿಗೆ ಕಲೆ ಕಂಡಿತ್ತು. ಎಡಗಾಲಿನ ಕಿರುಬೆರಳ ಅಡಿಯಲ್ಲಿ ಗುಳ್ಳೆ ಒಡೆದು ಹುಣ್ಣಾಗಿ, ಕೀವಾಗಿ, ಬೆರಳು ಕಪ್ಪಾಗಿತ್ತು. ನಾನೂ ಆಸ್ಪತ್ರೆಗೆ ಹೋದೆ. ಎಷ್ಟು ದಿನದಿಂದ ಎಂದು ಅಲ್ಲಿ ಕೇಳಿದರೆ ಭಾವನಿಗೆ ಹೇಳಲು ಗೊತ್ತಿರಲಿಲ್ಲ. ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ಡಾಕ್ಟರು ಕಣ್ಣು ಮುಚ್ಚಲು ಹೇಳಿ ಪ್ಲಾಸ್ಟಿಕ್ ಎಳೆಯೊಂದನ್ನು ಪಾದಕ್ಕೆ ಚುಚ್ಚುತ್ತಾ ಹೋದರು. ಭಾವ ಕಣ್ಣು ಮುಚ್ಚಿಕೊಂಡೇ, ಇನ್ನೂ ಶುರು ಮಾಡಲಿಲ್ಲವೇ ಎಂದು ಕೇಳಿದರು. ಯಾವ ಚಪ್ಪಲಿ ಹಾಕುತ್ತೀರಿ ಎಂಬ ಪ್ರಶ್ನೆ ಬಂತು. ಅಕ್ಕ ಚೀಲದಿಂದ ಕಿತ್ತಳೆ ಶೂ ತೆಗೆದಳು. ಡಾಕ್ಟರು ಒಳಗೆ ಎರಡು ಬೆರಳು ಹಾಕಿ ನೋಡಿ, ಇದು ಇವರ ಅಳತೆಯೇ ಅಲ್ಲ, ಯಾರು ಕೊಡಿಸಿದರು ಎಂದರು. ನಾನು ಹೇಳುವ ಮೊದಲೇ ಭಾವ, ನಾನೇ ತಗೊಂಡದ್ದು ಎಂದುಬಿಟ್ಟರು.

ನಾನು ಶೂವನ್ನು ವಾಪಸು ಚೀಲಕ್ಕೆ ಹಾಕಿದೆ. ನಾಲ್ಕು ದಿನದ ಮೇಲೆ ಬೆರಳನ್ನು ತೆಗೆದರು. ತೆಗೆಯದಿದ್ದರೆ ಪಾದಕ್ಕೆ ಹೋಗುತ್ತದೆ ಎಂದರು. ಪಾದ ಉಳಿಯಿತು.

ಇನ್ನೊಂದು ಸಂಗತಿ ಇದೆ. ಅದನ್ನು ನಾನು ಬಹಳ ಕಾಲ ತಪ್ಪು ಜಾಗದಲ್ಲಿ ಇಟ್ಟಿದ್ದೆ. ಒಮ್ಮೆ ನಾನು ಭಾವನ ಹೊಟೇಲಿನ ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದಾಗ, ಪಾತ್ರೆ ಇಳಿಸುವಾಗ ತುಳುಕಿದ ಕುದಿಯುವ ಸಾಂಬಾರು ಅವರ ಪಾದದ ಮೇಲೆ ಬಿತ್ತು. ರಬ್ಬರು ಚಪ್ಪಲಿ ಬಿಟ್ಟರೆ ಕಾಲಿಗೆ ಬೇರೇನೂ ಇರಲಿಲ್ಲ. ಅವರು ಗಿರಾಕಿಯೊಬ್ಬರ ಜೊತೆ ಮಾತು ಮುಂದುವರಿಸಿದರು. ಅಡುಗೆಯವನು ಗಾಬರಿಯಿಂದ ತೋರಿಸಿದ ಮೇಲೆ ಕೆಳಗೆ ನೋಡಿ, ನನ್ನ ಕಾಲಿಗೆ ಸಾಂಬಾರೂ ಹೆದರ್ತದೆ ಎಂದರು. ಎಲ್ಲರೂ ನಕ್ಕೆವು. ಇದು ಶೂ ಕೊಟ್ಟ ಮೇಲೆ ನಡೆದದ್ದು ಎಂದೇ ನನ್ನ ನೆನಪಿನಲ್ಲಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಅಕ್ಕನಿಗೆ ಹಾಗೇ ಹೇಳಿದೆ. ಅವಳು ತಲೆಯಾಡಿಸಿದಳು.

"ಅಲ್ಲ. ಅದು ಚೌತಿಗೆ. ನೀನು ಮೋದಕ ತಗೊಂಡು ಹೋಗ್ಲಿಕ್ಕೆ ಬಂದಿದ್ದಿ."

ಚೌತಿ ದೀಪಾವಳಿಗಿಂತ ಮೊದಲು ಬರುತ್ತದೆ. ಎಂದರೆ ಆ ಕಾಲಿಗೆ ಏನೂ ತಿಳಿಯುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿ, ನಕ್ಕು, ಆಮೇಲೆ ಆ ಕಾಲನ್ನೇ ಶೂ ಆಗುತ್ತದೆಯೇ ಎಂದು ಕೇಳಿ ತಿಳಿದುಕೊಂಡವನು ನಾನು. ನೆನಪು ಆ ಘಟನೆಯನ್ನು ಎತ್ತಿ ಮೂರು ತಿಂಗಳು ಈಚೆಗೆ ಇಟ್ಟಿತ್ತು. ಅಕ್ಕ ಹೇಳದಿದ್ದರೆ ಅದು ಅಲ್ಲೇ ಇರುತ್ತಿತ್ತು.

ಗಾಯ ಒಣಗುತ್ತಾ ಬಂದಾಗ ಒಂದು ಸಂಜೆ ಭಾವನಿಗೆ ಹೇಳಿದೆ. ಅವರು ಕಾಲನ್ನು ಸ್ಟೂಲಿನ ಮೇಲಿಟ್ಟು ಟೀವಿ ನೋಡುತ್ತಿದ್ದರು, ಅಕ್ಕ ಕೆಳಗೆ ತರಕಾರಿಗೆ ಹೋಗಿದ್ದಳು. ಆ ಶೂ ಹೊಸದಲ್ಲ, ನಾನು ಹಾಕಿ ಓಡಿ ನನಗೇ ಬಿಗಿಯಾಗಿ ಬಿಟ್ಟದ್ದು ಎಂದೆ. ಅವರು ಟೀವಿಯ ಶಬ್ದ ಕಡಿಮೆ ಮಾಡಿದರು.

"ಗೊತ್ತುಂಟು ಮಾರಾಯ. ಹಬ್ಬದ ಮರುದಿವಸವೇ ಒದ್ದೆ ಆಯ್ತು ಅಂತ ಒಳಗಿನ ಮೆತ್ತೆ ತೆಗೆದಿದ್ದೆ. ಐದು ಬೆರಳು ಅಚ್ಚು ಹೊಡೆದ ಹಾಗೆ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ಭಾವ?"

"ಮಾವನ ಮನೆಯಿಂದ ಬಂದದ್ದನ್ನು ಹಳತು ಅಂತ ಹೇಳ್ಲಿಕ್ಕೆ ಆಗ್ತದಾ? ನಿನ್ನ ಅಕ್ಕನಿಗೆ ಬೇಜಾರು. ಮತ್ತೆ, ಓಡುವವ ಓಡಿದ್ದನ್ನೇ ಕೊಟ್ಟಿದ್ದಾನೆ, ನಾನೂ ಸ್ವಲ್ಪ ನಡೀಲಿ ಅಂತ ಇರ್ಬೇಕು ಅಂತ ತಿಳ್ಕೊಂಡೆ. ಬಿಗಿ ಅಂತ ಗೊತ್ತಾಗಿದ್ರೆ ಆ ಮಾತು ಬೇರೆ."

ಅವರು ಮತ್ತೆ ಶಬ್ದ ಜಾಸ್ತಿ ಮಾಡಿದರು. ಕ್ಷಮಿಸಿದರೋ ಇಲ್ಲವೋ ತಿಳಿಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ನಾನು ಅದನ್ನು ಮರೆತಿರುತ್ತಿದ್ದೆ ಎನಿಸುತ್ತದೆ.

ಮಾರ್ಚಿನಲ್ಲಿ ಅವರನ್ನು ನೆರೂಳಿನ ಅಂಗಡಿಗೆ ಕರೆದೊಯ್ದೆ. ಡಾಕ್ಟರ ಚೀಟಿ ಇತ್ತು: ಅಗಲದ ಮುಂಭಾಗ, ಒಳಗೆ ಹೊಲಿಗೆ ತಾಗಬಾರದು. ಸಂಜೆಯೇ ಹೋದೆವು, ಹೊಟೇಲಿನಲ್ಲಿ ದಿನವಿಡೀ ನಿಂತ ಕಾಲಿನೊಡನೆ. ಅದೇ ಮಾರಾಟಗಾರ ಒಂದು ಜೋಡಿ ಹಾಕಿಸಿ, ಎಲ್ಲಾದರೂ ಒತ್ತುತ್ತದೆಯೇ ಎಂದು ಭಾವನನ್ನು ಕೇಳಿದ. ಭಾವ ನನ್ನ ಕಡೆ ಕೈ ತೋರಿಸಿದರು.

"ಇನ್ ಕೋ ಪೂಛೋ. ಮೇರೆ ಪೈರ್ ಕಾ ಸಬ್ ಇನ್ ಕೋ ಮಾಲೂಮ್ ಹೈ."

ಅವರ ಕಾಲಿನದ್ದೆಲ್ಲ ನನಗೆ ಗೊತ್ತಂತೆ, ನನ್ನನ್ನೇ ಕೇಳಬೇಕಂತೆ. ಮಾರಾಟಗಾರ ನಕ್ಕು ನನ್ನತ್ತ ತಿರುಗಿದ. ನಾನು ನೆಲದ ಮೇಲೆ ಮಂಡಿಯೂರಿದೆ. ಮದುವೆಯ ದಿನ ಅಪ್ಪ ಈ ಕಾಲನ್ನು ತೊಳೆಯುವಾಗ ನಾನು ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಫೋಟೋದಲ್ಲಿ ಹಾಗಿದೆ, ನನಗೆ ನೆನಪಿಲ್ಲ. ಶೂವಿನ ತುದಿಯಲ್ಲಿ ಹೆಬ್ಬೆರಳು ಒತ್ತಿದೆ. ಎಡಬದಿಯಲ್ಲಿ, ಬೆರಳಿಲ್ಲದ ಜಾಗದಲ್ಲಿ ಒತ್ತಿದಾಗ ಬಟ್ಟೆ ಒಳಗೆ ಕುಸಿಯಿತು. ಸರಿಯಾಗಿದೆಯೋ ಇಲ್ಲವೋ ಹೇಳಲಾಗಲಿಲ್ಲ. ಇನ್ನೊಂದು ತೋರಿಸಿ ಎಂದೆ. ಮತ್ತೊಂದು. ಐದನೆಯ ಜೋಡಿಯ ಹೊತ್ತಿಗೆ ಭಾವ ಸಾಕಾಗಿ ಗೋಡೆಗೆ ಒರಗಿದರು. ಕೊನೆಗೆ ಒಂಬತ್ತೂವರೆಯ ಕಪ್ಪು ಜೋಡಿಯನ್ನು ತೆಗೆದುಕೊಂಡೆವು, ಡಬ್ಬಿಯನ್ನು ಅವರ ಕಣ್ಣೆದುರೇ ತೆರೆಸಿ.

ಈಗ ಅವರ ಪಾದವನ್ನು ದಿನವೂ ಅಕ್ಕ ನೋಡುತ್ತಾಳೆ, ಅಡಿಗೆ ಕನ್ನಡಿ ಹಿಡಿದು. ಭಾನುವಾರ ನಾನು. ಓಟ ಮುಗಿಸಿ ನೇರ ಕಾಮೋಠೆಗೆ ಹೋಗುತ್ತೇನೆ. ಗುಂಪಿನವರು ಉಪ್ಪಿಟ್ಟಿಗೆ ಕರೆಯುವುದನ್ನು ಬಿಟ್ಟಿದ್ದಾರೆ. ಮೊದಲು ಪಾದ, ಬೆರಳ ಸಂದಿ. ಆಮೇಲೆ ಶೂ. ಮೆತ್ತೆ ಎಳೆದು ಗುರುತು ನೋಡುತ್ತೇನೆ, ಅಂಚಿನಿಂದ ಎಷ್ಟು ದೂರವಿದೆ ಎಂದು. ಒಳಗೆ ಕೈ ಹಾಕಿ ಹೊಲಿಗೆ ಎದ್ದಿದೆಯೇ, ಕಲ್ಲು ಸೇರಿದೆಯೇ ಎಂದು ಸುತ್ತಲೂ ತಡವುತ್ತೇನೆ. ಒಮ್ಮೆ ಸಾಲುವುದಿಲ್ಲ, ಎರಡು ಸಲ. ಕಳೆದ ಭಾನುವಾರ ಎಡಗಾಲಿನ ಶೂವಿನಲ್ಲಿ ಕೈಯಿಟ್ಟು ಹಾಗೆ ಕೂತಿದ್ದಾಗ ಭಾವ ಪೇಪರಿನ ಹಿಂದಿನಿಂದ ಹೇಳಿದರು:

"ಎಂತ ಅಷ್ಟು ಹುಡುಕುದು ಅದರಲ್ಲಿ, ನನ್ನ ಬೆರಳಾ?"

ಅಕ್ಕ ಅಡುಗೆಮನೆಯಲ್ಲಿ ನಕ್ಕಳು. ನಾನು ಕೈ ಹೊರಗೆ ತೆಗೆಯಲಿಲ್ಲ. ತುದಿಯ ಮೂಲೆ ಇನ್ನೂ ಬಾಕಿಯಿತ್ತು.