ಡಾಕ್ಟರ ಮುಂದಿನ ಆರಾಮ

ಮೊಮ್ಮಗಳು ಬೆಳಿಗ್ಗೆ ಬ್ರೆಡ್ಡು ಸುಟ್ಟುಕೊಂಡು ತಿನ್ನುವಾಗ ಆ ವಾಸನೆಗೆ ನನಗೆ ಹಸಿವಾಗುವುದಿಲ್ಲ, ದವಾಖಾನೆ ನೆನಪಾಗುತ್ತದೆ. ನಗಬೇಡಿ. ನಮ್ಮ ತೆಲಸಂಗದ ಕಡೆ ಆಗ ಬ್ರೆಡ್ಡು ಅಂದರೆ ಜಡ್ಡಾದವರ ತಿನಿಸು. ಅದನ್ನು ಕೈಯಲ್ಲಿ ಹಿಡಿದು ಬಸ್ಸು ಹತ್ತಿದರೆ ಸಾಕು, "ಯಾರಿಗೆ ಆರಾಮಿಲ್ರಿ?" ಎನ್ನುತ್ತ ಜಾಗ ಬಿಟ್ಟುಕೊಡುತ್ತಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ಅತ್ತೆಯವರನ್ನು ಹೊಟ್ಟೆನೋವೆಂದು ತಾಲೂಕಿನ ಸರಕಾರಿ ದವಾಖಾನೆಗೆ ಸೇರಿಸಿದಾಗ ನಾನು ಮದುವೆಯಾಗಿ ಬಂದು ಎರಡು ವರ್ಷ. ನನ್ನ ಗಂಡ ಎಮ್ಮೆ ನೋಡಿಕೊಳ್ಳಲು ಊರಲ್ಲೇ ಉಳಿದರು. ಅತ್ತೆಯವರ ಹತ್ತಿರ ಮಾವನವರು ಮತ್ತು ನಾನು. ಅತ್ತೆಯವರೇನೂ ಮೂಗಿಯಲ್ಲ. ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ದನದ ಡಾಕ್ಟರನ್ನು ಕೂಡಿಸಿಕೊಂಡು, ಅದು ಯಾವಾಗ ನರಳಿತು, ಯಾವ ಮಗ್ಗುಲಿಗೆ ಮಲಗಿತು ಎಂದು ಅರ್ಧ ತಾಸು ಹೇಳುವವರು. ತಮ್ಮ ಹೊಟ್ಟೆಯ ಬಗ್ಗೆ ಮಾತ್ರ ಒಂದು ಮಾತಿಲ್ಲ.

ಡಾಕ್ಟರು ಮೈಸೂರು ಕಡೆಯವರು, ತಾಳ್ಮೆಯ ಮನುಷ್ಯ. ಮೊದಲ ದಿನವೇ, "ನೋವು ಹೆಚ್ಚಾದರೆ ಹೇಳಿಬಿಡಿ, ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ತಡ ಮಾಡುವಂತಿಲ್ಲ" ಎಂದಿದ್ದರು. ದಿನಾ ಬಂದು "ಹೇಗಿದ್ದೀರಮ್ಮ?" ಎಂದು ಕೇಳುವರು. ಅತ್ತೆಯವರು ಎದ್ದು ಕೂತು, "ಆರಾಮ ಅದೀನ್ರಿ ಸಾಹೇಬ್ರ. ನೀವು ಆರಾಮ ಅದೀರಿ?" ಎನ್ನುವರು. ಕ್ಷೇಮ ಕೇಳಲು ಬಂದ ದೊಡ್ಡ ಮನುಷ್ಯರ ಮುಂದೆ ಹೊಟ್ಟೆ ಹಿಡಿದುಕೊಂಡು ಕೂರುವುದು ಅವರ ಪಾಲಿಗೆ ಮರ್ಯಾದೆಯಲ್ಲ. ಮುಟ್ಟಿ ನೋಡಿದಾಗಲೂ ಹಲ್ಲು ಕಚ್ಚಿ ನಗುಮುಖ ಮಾಡುವರು. ಡಾಕ್ಟರು ಮುಂದಿನ ಮಂಚಕ್ಕೆ ಹೋಗುವರು.

ಅವರು ಅತ್ತ ಹೋದದ್ದೇ ತಡ, ಅತ್ತೆಯವರು ನನ್ನ ಕೈ ಹಿಡಿದು ಹಿಂಡುತ್ತಿದ್ದರು. ಒಮ್ಮೆ ಬಳೆ ಒಡೆದು ರಕ್ತ ಬಂತು.

"ನಾಳೆ ಆದ್ರೂ ಹೇಳ್ರಿ ಅತ್ತಿ," ಎಂದೆ.

"ಪಾಪ, ಅಷ್ಟ ಕಾಳಜಿಲೆ ಕೇಳ್ತಾರ. ಅವ್ರ ಮನಸಿಗ್ಯಾಕ ಬ್ಯಾಸರ ಮಾಡೂದು?"

ನಾನಾದರೂ ಹೇಳಬಹುದಿತ್ತು. ಆದರೆ ಮಾವನವರು ಮಂಚದ ಕಾಲ ಬಳಿಯೇ ನಿಂತಿರುತ್ತಿದ್ದರು. ಅವರೊಡನೆಯೇ ನೇರ ಮಾತಾಡದವಳು ಅವರೆದುರು ಡಾಕ್ಟರೊಡನೆ ಏನು ಮಾತಾಡಿಯಾಳು? ಸೆರಗು ಹೊದ್ದು ನೆಲ ನೋಡುತ್ತ ನಿಂತೆ. ಮೂರು ದಿನ ನಿಂತೆ.

ನಾಲ್ಕನೆಯ ದಿನ ಅತ್ತೆಯವರಿಗೆ ಎದ್ದು ಕೂರಲಾಗಲಿಲ್ಲ. ಡಾಕ್ಟರು ಗಾಬರಿಯಾಗಿ ಗಾಡಿ ತರಿಸಿದರು. ಮಿರಜಿನ ದಾರಿಯಲ್ಲಿ ಕಾಗವಾಡ ದಾಟುವ ಮೊದಲೇ ನನ್ನ ಕೈ ಹಿಡಿದಿದ್ದ ಬೆರಳುಗಳು ಸಡಿಲವಾದವು.

ಮಣ್ಣಿಗೆ ಬಂದ ಹೆಂಗಸರು ನನ್ನನ್ನು ತೋರಿಸಿ, "ಸೊಸಿ ಅಂದ್ರ ಹಿಂಗಿರಬೇಕ. ನಾಕ ದಿನ ದವಾಖಾನ್ಯಾಗಿದ್ಲು, ಒಬ್ಬರ ಮುಂದ ಬಾಯಿ ತೆರೀಲಿಲ್ಲ" ಎಂದರು. ಆ ಹೊಗಳಿಕೆಯಷ್ಟು ನನ್ನನ್ನು ಬೇರೆ ಯಾವ ಬೈಗುಳವೂ ಸುಟ್ಟಿಲ್ಲ.

ಈಗ ನಾನು ಓಣಿಗೇ ದೊಡ್ಡ ಬಾಯಿಯವಳು. ಯಾರು ದವಾಖಾನೆಗೆ ಹೊರಟರೂ ಚಪ್ಪಲಿ ಮೆಟ್ಟಿ ಜೊತೆಗೆ ಹೋಗುತ್ತೇನೆ, ಮೊಮ್ಮಗಳಿಗೆ ನಾಚಿಕೆ. ಹೋದ ವಾರ ಪಕ್ಕದ ಮನೆಯಾಕೆಯನ್ನು ಹೊಸ ಡಾಕ್ಟರಮ್ಮ "ಹೇಗಿದ್ದೀರಿ?" ಎಂದು ಕೇಳಿದರು. ಆಕೆ ನಕ್ಕು "ಆರಾಮ್ರಿ" ಎಂದಳು. ನಾನು ನಡುವೆ ಬಾಯಿ ಹಾಕಿದೆ.

"ಅಜ್ಜಿ, ಅವರೇ ಹೇಳಲಿ ಬಿಡಿ," ಎಂದರು ಡಾಕ್ಟರಮ್ಮ.

"ಅಕಿ ಹೇಳಂಗಿಲ್ರಿ," ಎಂದೆ. "ರಾತ್ರಿ ಎಲ್ಲಾ ಅತ್ತಾಳ. ಗ್ವಾಡಿ ಈ ಕಡಿ ನನಗ ಕೇಳ್ಸೇತಿ."