ಖಾಲಿ ಕೊಡಬಾರದ ಬೋಗುಣಿ

ಡಿಸೆಂಬರ್ ಹತ್ತಿರ ಬಂತೆಂದರೆ ನನಗೆ ಈಗಲೂ ಸೊಂಟ ಹಿಡಿಯುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಮನೆಯಲ್ಲಿ ಆಗ ಬೆಳಗಿನ ಬಿಸಿಲು ಹಿತವಾಗಿರುತ್ತದೆ, ಮಕ್ಕಳು ಶಾಲೆಗೆ ಹೋಗಿರುತ್ತಾರೆ, ಹೇಳಿಕೊಳ್ಳುವಂಥ ಕೆಲಸವೂ ಇರುವುದಿಲ್ಲ. ಆದರೂ ಹಿಡಿಯುತ್ತದೆ. ಜರ್ಮನಿಯಲ್ಲಿ ಕಳೆದ ಮೊದಲ ಡಿಸೆಂಬರನ್ನು ನಾನು ಮರೆತರೂ ನನ್ನ ಸೊಂಟ ಮರೆತಿಲ್ಲ. ಅಲ್ಲಿಯ ಜನ ಅದನ್ನು ರಜೆಯ ಕಾಲ ಎನ್ನುತ್ತಾರೆ. ಯಾರಿಗೆ ರಜೆ ಎಂದು ಕೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತು. ಕೇಳುವಷ್ಟು ಭಾಷೆ ಬರುತ್ತಿರಲಿಲ್ಲ, ಅಷ್ಟೆ.

ನಾವು ಅಲ್ಲಿಗೆ ಹೋದದ್ದು ನನ್ನ ಗಂಡನ ಕೆಲಸದ ಸಲುವಾಗಿ. ಅವರು ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಯಂತ್ರ ಜೋಡಿಸುವವರು. ಆ ಯಂತ್ರಗಳನ್ನು ಕಳಿಸುತ್ತಿದ್ದ ಜರ್ಮನಿಯ ಕಂಪನಿಯವರು ಇವರ ಕೈಕೆಲಸ ನೋಡಿ ಮೆಚ್ಚಿ ಕೆಲವು ವರ್ಷಗಳ ಮಟ್ಟಿಗೆ ತಮ್ಮಲ್ಲಿಗೇ ಕರೆಸಿಕೊಂಡರು. ಮಗಳಿಗೆ ಆಗ ಆರು ವರ್ಷ, ಮಗನಿಗೆ ಮೂರು ತುಂಬಿರಲಿಲ್ಲ. ನಾನು ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಅಲ್ಲಿ ನನ್ನ ಗಣಿತ ಯಾರಿಗೂ ಬೇಕಾಗಿರಲಿಲ್ಲ. ಕಡೆಗೆ ನಮ್ಮ ಬೀದಿಯ ತುದಿಯ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಒಂದು ಕೆಲಸ ಸಿಕ್ಕಿತು. ಪಾತ್ರೆ ತೊಳೆಯುವುದು, ಕ್ಯಾರೆಟ್ ಕತ್ತರಿಸುವುದು, ಅಜ್ಜ ಅಜ್ಜಿಯರ ತಟ್ಟೆ ಜೋಡಿಸುವುದು. ಹೊಸ ವರ್ಷದವರೆಗೆ ನೋಡುತ್ತೇವೆ, ಸರಿಹೋದರೆ ಇಟ್ಟುಕೊಳ್ಳುತ್ತೇವೆ ಎಂದಿದ್ದಳು ಅಲ್ಲಿಯ ಮೇಲ್ವಿಚಾರಕಿ. ನನಗೆ ಆ ಕೆಲಸ ಉಳಿಯಲೇಬೇಕಿತ್ತು. ದಿನಕ್ಕೊಮ್ಮೆ ಕೋಟು ಹಾಕಿಕೊಂಡು ಒಬ್ಬಳೇ ಹೊರಬೀಳಲು ಅದೊಂದೇ ನೆಪ. ಅದೂ ಹೋದರೆ ನಾಲ್ಕು ಗೋಡೆಗಳ ನಡುವೆ ನನಗೆ ಹುಚ್ಚು ಹಿಡಿಯುವುದು ಖಂಡಿತ ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಶಾಲೆಗೆ ರಜೆ ಬಂತು, ಮಗನ ಶಿಶುವಿಹಾರಕ್ಕೂ ಬಂತು. ಗಂಡನ ಕಾರ್ಖಾನೆಗೂ ಬಂತು. ಸದ್ಯ, ಇವರಾದರೂ ಮನೆಯಲ್ಲಿರುತ್ತಾರೆ ಎಂದುಕೊಂಡೆ. ಇವರು ಎಂದಿನಂತೆ ಬೆಳಗಿನ ಕತ್ತಲಲ್ಲೇ ಬೂಟು ಹಾಕಿಕೊಂಡರು.

"ಎಲ್ಲಾರಿಗೂ ಸೂಟಿ ಐತಿ, ನಿಮಗ್ಯಾಕಿಲ್ಲ?" ಎಂದೆ.

"ಮಂದಿಗೆ ಸೂಟಿ ಇದ್ದಾಗನ ನಮಗ ಕೆಲಸ. ನಡಿಯೂ ಮಷೀನು ಬಿಚ್ಚಾಕ ಬರ್ತೈತೇನು? ನಿಂತಾಗನ ಬಿಚ್ಚಬೇಕು," ಎಂದರು. ಮಾತು ಸರಿಯೇ ಇತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ನಾನು ಕೆಲಸಕ್ಕೆ ಹೊರಡುವುದಕ್ಕೂ ಅವರು ಮರಳುವುದಕ್ಕೂ ನಡುವೆ ಉಳಿಯುವ ಹೊತ್ತಿನಲ್ಲಿ ಮಕ್ಕಳನ್ನು ಎಲ್ಲಿ ಬಿಡುವುದು? ಆಗ ಕೈಹಿಡಿದವಳು ಕೆಳಗಿನ ಮನೆಯ ಅಜ್ಜಿ. ಎತ್ತರದ, ನೆಟ್ಟಗಿನ ಹೆಂಗಸು, ಒಬ್ಬಳೇ ಇದ್ದಳು. ನಗುವುದೆಂದರೆ ಅವಳಿಗೆ ವಾರಕ್ಕೊಮ್ಮೆ ಮಾಡುವ ಕೆಲಸ. ಮೆಟ್ಟಿಲು ಗುಡಿಸುವ ಸರದಿ ನಮ್ಮದಿದ್ದ ದಿನ ಬಾಗಿಲು ತೆರೆದು ಮೂಲೆಗಳನ್ನು ನೋಡಿ ಒಳಗೆ ಹೋಗುವವಳು. ನನಗೆ ಅವಳನ್ನು ಕಂಡರೆ ಒಳಗೊಳಗೇ ಅಳುಕು. ಅಂಥವಳು ತಾನಾಗಿಯೇ ಮೇಲೆ ಬಂದು, "ನಿನ್ನ ಕೆಲಸದ ಹೊತ್ತಿಗೆ ಇವರನ್ನು ನನ್ನಲ್ಲಿ ಬಿಡು," ಎಂದಳು. ಮಗಳಿಗೆ ಅವಳು ಮೊದಲ ದಿನವೇ ಅಜ್ಜಿಯಾದಳು. ಮಗ ಅವಳ ನೆಲಹಾಸಿನ ಮೇಲೆ ಮಲಗಿ ನಿದ್ದೆಯನ್ನೂ ಮಾಡಿಬಿಟ್ಟ. ನಮ್ಮ ಮನೆಯಲ್ಲಿ ಅವನನ್ನು ಮಲಗಿಸಲು ನಾನು ಪಡುತ್ತಿದ್ದ ಪಾಡು ನೆನೆದು ಹೊಟ್ಟೆಕಿಚ್ಚೂ ಆಯಿತು.

ಎಲ್ಲ ಕೆಟ್ಟದ್ದು ಒಂದು ಬೋಗುಣಿಯಿಂದ. ತಿಂಗಳ ಆರಂಭದಲ್ಲಿ ಅವಳು ಮಕ್ಕಳಿಗೆಂದು ಬಿಸ್ಕೀಟು ಬೇಯಿಸಿ, ನೀಲಿ ಅಂಚಿನ ಬಿಳಿ ಪಿಂಗಾಣಿ ಬೋಗುಣಿಯ ತುಂಬ ಹಾಕಿ, ಮೇಲೆ ಬಟ್ಟೆ ಮುಚ್ಚಿ ಕಳಿಸಿದ್ದಳು. ಬಿಸ್ಕೀಟು ಸಂಜೆಯೊಳಗೆ ಮುಗಿದವು. ನಾನು ಬೋಗುಣಿಯನ್ನು ತೊಳೆದು, ಒರೆಸಿ, ಮಕ್ಕಳ ಕೈಗೆ ಸಿಗದಂತೆ ಎತ್ತರದ ಕಪಾಟಿನ ಮೇಲಿಟ್ಟೆ.

ಮರುದಿನವೇ ಕೊಟ್ಟುಬಿಡಬಹುದಿತ್ತಲ್ಲ ಎಂದು ಬೇರೆ ಊರಿನವರು ಕೇಳಬಹುದು. ಕೊಡುವುದು ಹೇಗೆ? ನಮ್ಮ ಕಡೆ ಅಕ್ಕಪಕ್ಕದವರ ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲ. ಧಾರವಾಡದ ನನ್ನ ತವರುಮನೆಯಲ್ಲಿ ಹಬ್ಬದ ದಿನ ಹೋಳಿಗೆಯ ಡಬ್ಬಿ ಹಿಂದಿನ ಮನೆಗೆ ಹೋದರೆ, ರಮಜಾನಿಗೆ ಅದೇ ಡಬ್ಬಿ ಸುರಕುಂಬಾ ತುಂಬಿಕೊಂಡು ಬರುತ್ತಿತ್ತು. ಹಾಲು, ಶಾವಿಗೆ, ಖರ್ಜೂರದ ಆ ಪಾಯಸಕ್ಕಾಗಿ ನಾವು ಮಕ್ಕಳು ಬಾಗಿಲಲ್ಲೇ ಕಾಯುತ್ತಿದ್ದೆವು. ಯಾರ ಡಬ್ಬಿ ಯಾರ ಮನೆಯಲ್ಲಿದೆ ಎಂದು ಯಾರಿಗೂ ಚಿಂತೆ ಇರಲಿಲ್ಲ. ಇವತ್ತಲ್ಲ ನಾಳೆ ತುಂಬಿಕೊಂಡು ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಅಜ್ಜಿಯ ಬೋಗುಣಿಗೆ ಕರ್ಚಿಕಾಯಿ ತುಂಬಬೇಕೆಂದು ನಾನು ನಿಶ್ಚಯಿಸಿದೆ. ಉಪ್ಪಿಟ್ಟು ಗಿಪ್ಪಿಟ್ಟು ಕೊಟ್ಟು ಕೈತೊಳೆದುಕೊಳ್ಳುವವಳು ನಾನಲ್ಲ. ಒಣಕೊಬ್ಬರಿ, ಗಸಗಸೆ, ಏಲಕ್ಕಿ ಎಲ್ಲ ಊರಿನಿಂದ ತಂದದ್ದು ಇತ್ತು. ಒಂದು ಬೆಳಗ್ಗೆ ಕಣಕ ನಾದಿ ಕೂತೆ. ಮಗನಿಗೆ ಕಿವಿನೋವು, ಎತ್ತಿಕೊಂಡೇ ಇರಬೇಕು. ಒಂದು ಕೈಯಲ್ಲಿ ಅವನು, ಇನ್ನೊಂದರಲ್ಲಿ ಲಟ್ಟಣಿಗೆ. ಮೊದಲನೆಯ ಕರ್ಚಿಕಾಯಿ ಎಣ್ಣೆಯಲ್ಲಿ ಬಾಯಿ ಬಿಟ್ಟಿತು. ಕೊಬ್ಬರಿಯೆಲ್ಲ ಹೊರಬಿದ್ದು ಕರಿಯಾಯಿತು, ಹೊಗೆ ಎದ್ದಿತು, ಹೊಗೆ ಕಂಡರೆ ಕೂಗುವ ಚಾವಣಿಯ ಹೊಗೆಯಂತ್ರ ಹೊಡೆದುಕೊಳ್ಳತೊಡಗಿತು. ಮಗ ಹೆದರಿ ಕಿರುಚಿದ. ಮಗಳು ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಸೇರಿದಳು. ನಾನು ಕುರ್ಚಿ ಹತ್ತಿ ಆ ಯಂತ್ರಕ್ಕೆ ಲಟ್ಟಣಿಗೆಯಿಂದ ಒಂದೇಟು ಕೊಟ್ಟೆ. ಸುಮ್ಮನಾಯಿತು, ಆಮೇಲೆ ಎಂದೂ ಕೂಗಲಿಲ್ಲ. ಉಳಿದ ಕಣಕವನ್ನು ಫ್ರಿಜ್ಜಿನಲ್ಲಿಟ್ಟೆ, ಅದು ಅಲ್ಲೇ ಹುಳಿ ಬಂತು. ಇನ್ನೊಂದು ದಿನ ಮಾಡಿದರಾಯಿತೆಂದು ಬಿಟ್ಟೆ. ಆ ಇನ್ನೊಂದು ದಿನ ಬರಲೇ ಇಲ್ಲ, ಯಾಕೆಂದರೆ ಮಗನ ಜ್ವರ ಮಗಳಿಗೆ ಬಂತು, ಮಗಳದು ನನಗೆ ಬಂತು.

ಒಮ್ಮೆ ಮಕ್ಕಳನ್ನು ಬಿಡಲು ಹೋದಾಗ ಅಜ್ಜಿ, "ನನ್ನ ಬೋಗುಣಿ ಹಿಡಿಸಿತೇ?" ಎಂದು ಕೇಳಿದಳು. ನಾನು ಇದ್ದಬದ್ದ ಜರ್ಮನ್ ಎಲ್ಲ ಸೇರಿಸಿ, "ತುಂಬ ಚೆನ್ನಾಗಿದೆ, ತುಂಬ ತುಂಬ ಹಿಡಿಸಿತು," ಎಂದೆ. ಅವಳು ತಲೆಯಾಡಿಸಿ ಮಕ್ಕಳನ್ನು ಒಳಗೆ ಕರೆದುಕೊಂಡಳು. ಹೊಗಳಿದ್ದಕ್ಕೆ ಸಂತೋಷವಾಗಿರಬೇಕು ಎಂದುಕೊಂಡು ನಾನು ಕೆಲಸಕ್ಕೆ ಓಡಿದೆ.

ಕ್ರಿಸ್ಮಸ್ ಇನ್ನೇನು ಬಂತು ಎನ್ನುವಾಗ ಅವಳು ಬಾಗಿಲನ್ನು ಅರ್ಧವೇ ತೆರೆದು ನಿಂತು, "ಇಪ್ಪತ್ನಾಲ್ಕಕ್ಕೆ ನನಗೆ ಆಗುವುದಿಲ್ಲ. ಆಮೇಲೂ ಕಷ್ಟ," ಎಂದಳು. ಮುಖ ಗೋಡೆಯಂತಿತ್ತು. ಇಪ್ಪತ್ನಾಲ್ಕರ ಸಂಜೆಯೇ ಅವರ ದೊಡ್ಡ ಹಬ್ಬ. ವೃದ್ಧಾಶ್ರಮದಲ್ಲಿ ಅವತ್ತು ಎಲ್ಲರಿಗೂ ವಿಶೇಷ ಊಟ. ಅಂದು ಮಾತ್ರ ತಪ್ಪಿಸಬೇಡ ಎಂದು ಮೇಲ್ವಿಚಾರಕಿ ನನಗೆ ಬಿಡಿಸಿ ಹೇಳಿದ್ದಳು. ತಪ್ಪಿಸಿದರೆ ಹೊಸ ವರ್ಷಕ್ಕೆ ನನಗೆ ಕೆಲಸವಿಲ್ಲ. ಗಂಡನಿಗೆ ಅವತ್ತೂ ಬಿಚ್ಚಿದ ಯಂತ್ರದ ಮುಂದಿನಿಂದ ಏಳುವ ಹಾಗಿಲ್ಲ.  ಮಕ್ಕಳು ಏನೋ ಒಡೆದಿರಬೇಕೆಂದು ಮಗಳನ್ನು ಮೇಲೆ ಕರೆತಂದು ಗದರಿಸಿದೆ.

"ನಾ ಏನೂ ಮಾಡಿಲ್ಲವಾ. ಅಜ್ಜಿ ಬೋಗುಣಿ ತೊಗೊಂಡ ಬಾ ಅಂದ್ರು. ಅದನ್ನ ಈಗ ಕೊಡೂ ಹಂಗಿಲ್ಲ, ನಮ್ಮವ್ವ ಬ್ಯಾಡಂದಾಳ ಅಂತ ಹೇಳಿದೆ," ಎಂದಳು.

ಹೌದಲ್ಲ, ನಾನೇ ಹೇಳಿದ್ದೆ. ಕುರ್ಚಿ ಹತ್ತಿ ಖಾಲಿ ಬೋಗುಣಿ ಇಳಿಸಿಕೊಂಡು ಕೆಳಗೆ ಹೊರಟಿದ್ದವಳ ಕೈಯಿಂದ ಕಸಿದುಕೊಂಡು, ಮುಟ್ಟಬೇಡ, ಈಗ ಕೊಡುವ ಹಾಗಿಲ್ಲ ಎಂದಿದ್ದೆ. ಅಂದರೆ ಆ ಅಜ್ಜಿಯ ಲೆಕ್ಕದಲ್ಲಿ, ನಾನು ಅವಳ ಬೋಗುಣಿಯನ್ನು ಹೊಗಳಿ ಹೊಗಳಿ ನುಂಗಿಹಾಕಿದ ಹೆಂಗಸು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಧಾರವಾಡಕ್ಕೆ ಅವ್ವನಿಗೆ ಫೋನ್ ಹಚ್ಚಿದೆ. ಅವಳಿಗೆ ಕೈತುಂಬ ಕೆಲಸ. ಮರುದಿನ ಎಳ್ಳಮಾವಾಸ್ಯೆ. ಶಿರಗುಪ್ಪಿಯಲ್ಲಿರುವ ಸೋದರಮಾವನ ಹೊಲಕ್ಕೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋಗಿ, ಬೆಳೆಗೆ ಚರಗದ ಎಡೆ ಚೆಲ್ಲಿ, ಅಲ್ಲೇ ಕೂತು ಉಣ್ಣುವ ದಿನ. ಅವಳ ಹಿಂದೆ ರೊಟ್ಟಿ ಬಡಿಯುವ ಸದ್ದು, ಅತ್ತಿಗೆಯರ ನಗು, ಯಾರದೋ ಜಗಳ. ನಾನು ಒಂದೇ ಉಸಿರಿಗೆ ಬೋಗುಣಿಯ ಕತೆ ಹೇಳಿ ಅತ್ತುಬಿಟ್ಟೆ.

"ಅಳೂದು ಸಾಕು ಮಾಡು. ಕರ್ಚಿಕಾಯಿನ ಆಗಬೇಕಂತ ನಿನಗ ಯಾರ ಹೇಳ್ಯಾರ?" ಎಂದಳು ಅವ್ವ. "ಮನ್ಯಾಗ ಏನೂ ಇಲ್ಲಂದ್ರ ಒಂದ ಹಿಡಿ ಸಕ್ರಿ ಹಾಕಿ ಕೊಡ್ತಾರ. ನಾ ಎಷ್ಟ ಸಲ ಕೊಟ್ಟಿಲ್ಲ? ನೀ ಸಣ್ಣಾಕಿದ್ದಾಗ ನಾ ಸಾಲಿಗೆ ಹೋಗಿ ಬಂದು ಕರ್ಚಿಕಾಯಿ ಕರಕೋತ ಕೂಡ್ತಿದ್ನೇನು? ಲಗೂನ ಸಕ್ರಿ ಹಾಕಿ ಕೊಟ್ಟ ಬಾ ಹೋಗು."

ಅವ್ವ ಮೂವತ್ತು ವರ್ಷ ಸಾಲಿ ಮಾಸ್ತರಿಕೆ ಮಾಡಿದವಳು. ಅವಳ ದಣಿವಿನ ಬಗ್ಗೆ ನಾನು ಅಲ್ಲಿಯವರೆಗೆ ಯೋಚಿಸಿರಲೇ ಇಲ್ಲ. ಆ ಸಕ್ಕರೆ ದಣಿದ ಹೆಂಗಸರಿಗೆಂದೇ ಮಾಡಿದ ರಿಯಾಯಿತಿ ಎಂದು ನನಗೆ ಆಗ ಹೊಳೆಯಿತು.

ಬೋಗುಣಿ ಕೆಳಗಿಳಿಸಿದೆ. ಹಿಡಿ ಸಕ್ಕರೆ ಅದರ ತಳದಲ್ಲಿ ಬಡವಾಗಿ ಕಂಡಿತು. ಅರ್ಧ ಪೊಟ್ಟಣ ಸುರುವಿದೆ. ಮಗನನ್ನು ಕಂಕುಳಲ್ಲಿ ಹೊತ್ತು, ಮಗಳ ಕೈಗೆ ಬೋಗುಣಿ ಕೊಟ್ಟು ಕೆಳಗಿಳಿದೆ. ಬಾಗಿಲು ತೆರೆದ ಅಜ್ಜಿ ಬೋಗುಣಿ ನೋಡಿದಳು, ಸಕ್ಕರೆ ನೋಡಿದಳು, ನನ್ನನ್ನು ನೋಡಿದಳು.  ಮಗಳೇ ತನ್ನ ಶಾಲೆಯ ಜರ್ಮನ್‌ನಲ್ಲಿ ಪಟಪಟನೆ ಹೇಳತೊಡಗಿದಳು: ನಮ್ಮ ಊರಲ್ಲಿ ಪಾತ್ರೆ ಖಾಲಿ ಕೊಡುವುದಿಲ್ಲ, ಅಮ್ಮ ಸಿಹಿ ಮಾಡಲು ಹೋಗಿ ಅಡುಗೆಮನೆ ಸುಟ್ಟಳು, ಹೊಗೆಯಂತ್ರವನ್ನು ಕೊಂದಳು, ತಮ್ಮನಿಗೆ ಕಿವಿ ನೋಯುತ್ತಿತ್ತು, ಅದಕ್ಕೇ ಇಷ್ಟು ದಿನವಾಯಿತು, ಇದು ಸಕ್ಕರೆ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಸರಿ," ಎಂದು ಬೋಗುಣಿ ತೆಗೆದುಕೊಂಡು ಬಾಗಿಲು ಹಾಕಿದಳು. ಮುಗಿಯಿತು ಎಂದುಕೊಂಡೆ.

ಇಪ್ಪತ್ನಾಲ್ಕರ ಮಧ್ಯಾಹ್ನ ನಾನು ಕೋಟು ಹಾಕಿಕೊಂಡೇ ಸೋಫಾದ ಮೇಲೆ ಕೂತಿದ್ದೆ. ಹೋಗುವುದೋ, ಬರುವುದಿಲ್ಲವೆಂದು ಫೋನ್ ಮಾಡುವುದೋ ತಿಳಿಯದೆ ಸುಮ್ಮನೆ ಕೂತಿದ್ದೆ. ಬಾಗಿಲ ಗಂಟೆ ಬಡಿಯಿತು. ಅಜ್ಜಿ ನಿಂತಿದ್ದಳು. "ತಡವಾಯಿತಲ್ಲ, ಮಕ್ಕಳೆಲ್ಲಿ?" ಎಂದು ಗದರಿದಂತೆ ಕೇಳಿ, ಇಬ್ಬರನ್ನೂ ಕೈಹಿಡಿದು ಮೆಟ್ಟಿಲಿಳಿದಳು. ನಾನು ಬೀದಿಯುದ್ದಕ್ಕೂ ಓಡಿದೆ. ಅಷ್ಟು ದಿನದಲ್ಲಿ ನನಗೆ ಚಳಿಯಾಗದ ದಿನ ಅದೊಂದೇ.

ಸಂಜೆ ಮರಳಿ ನೇರ ಕೆಳಗಿನ ಮನೆಗೆ ಹೋದೆ. ಅಜ್ಜಿಯ ಊಟದ ಮೇಜಿನ ಸುತ್ತ ನನ್ನ ಇಬ್ಬರು ಮಕ್ಕಳು, ಗ್ರೀಸಿನ ಕೈ ಉಜ್ಜಿ ತೊಳೆದು ಬಂದ ನನ್ನ ಗಂಡ ಕೂತಿದ್ದರು. ನಡುವೆ ಅದೇ ಬೋಗುಣಿ, ತುಂಬ ಆಲೂಗಡ್ಡೆ ಸಲಾಡ್. ಪ್ರತಿ ವರ್ಷ ಆ ದಿನ ಅವಳ ಮನೆಯಲ್ಲಿ ಅದೇ ಅಡುಗೆಯಂತೆ, ಅವಳ ತಾಯಿಯ ಕಾಲದಿಂದ ಅದೇ ಬೋಗುಣಿಯಂತೆ. ಅದಿಲ್ಲದೆ ಹಬ್ಬವೇ ಇಲ್ಲವೆಂದು ಮಗಳ ಹತ್ತಿರ ಹೇಳಿಕೊಂಡಿದ್ದಳು. ನನ್ನ ಹತ್ತಿರ ನೇರವಾಗಿ ಕೇಳಲು ಅವಳಿಗೆ ಸಂಕೋಚ, ಖಾಲಿ ಕೊಡಲು ನನಗೆ ಸಂಕೋಚ. ಕುರ್ಚಿ ಎಳೆದು, "ಕೂತುಕೋ," ಎಂದಳು. ಕೂತೆ. ಆ ತಿಂಗಳಲ್ಲಿ ಬೇರೊಬ್ಬರು ಬಡಿಸಿ ನಾನು ಉಂಡದ್ದು ಅದೇ ಮೊದಲು. ಕಣ್ಣು ತುಂಬಿ ತಟ್ಟೆ ಕಾಣಿಸಲಿಲ್ಲ.

ಮೇಲೆ ಹೊರಟಾಗ ಉಳಿದ ಸಲಾಡನ್ನು ಬೋಗುಣಿ ಸಮೇತ ಗಂಡನ ಕೈಗಿಟ್ಟಳು. ಅಯ್ಯೋ ದೇವರೇ, ಮತ್ತೆ ಬಂತಲ್ಲ ಎಂದುಕೊಂಡೆ. ಮರುದಿನ ಬೆಳಗ್ಗೆ ಒಂದು ಹಿಡಿ ಸಕ್ಕರೆ ಹಾಕಿ ಕಳಿಸಿದೆ. ಹಿಡಿ ಎಂದರೆ ಹಿಡಿಯೇ.

ಹೊಸ ವರ್ಷಕ್ಕೆ ನನ್ನ ಕೆಲಸ ಉಳಿಯಿತು. ಅಲ್ಲಿದ್ದಷ್ಟು ಕಾಲವೂ ಬೋಗುಣಿ ಮೇಲೆ ಕೆಳಗೆ ಓಡಾಡಿತು. ಒಮ್ಮೊಮ್ಮೆ ಅವಳೂ ದಣಿದಿರುತ್ತಿದ್ದಳೋ ಏನೋ, ನನ್ನ ಕರ್ಚಿಕಾಯಿ ಹೋದದ್ದಕ್ಕೆ ಬರಿಯ ಸಕ್ಕರೆ ಮರಳಿ ಬರುತ್ತಿತ್ತು. ನೋಡಿ ನಗು ಬರುತ್ತಿತ್ತು, ನೆಮ್ಮದಿಯೂ ಆಗುತ್ತಿತ್ತು.

ಊರಿಗೆ ಮರಳುವ ಹಿಂದಿನ ದಿನ ಬೋಗುಣಿಯನ್ನು ಕಡೆಯ ಸಲ ಕೊಟ್ಟು ಬಂದಿದ್ದೆ. ಬೆಳಗ್ಗೆ ಟ್ಯಾಕ್ಸಿಗೆ ಪೆಟ್ಟಿಗೆ ಏರಿಸುವಾಗ ಅವಳು ಹೊರಗೆ ಬಂದಳು. ಕೈಯಲ್ಲಿ ಬೋಗುಣಿ, ತುಂಬ ಬಿಸ್ಕೀಟು, ಮೇಲೆ ಬಟ್ಟೆ. ಅದನ್ನು ನನ್ನ ಕೈಗಿಟ್ಟಳು.

"ಇದನ್ನು ಇನ್ನು ನಾನು ಹೇಗೆ ಮರಳಿಸಲಿ?" ಎಂದೆ.

"ಅದಕ್ಕೇ ಕೊಟ್ಟದ್ದು," ಎಂದಳು. "ಖಾಲಿ ತರಬೇಡ."

ಈಗ ಅದು ನಮ್ಮ ಅಡುಗೆಮನೆಯ ಕಪಾಟಿನ ಮೇಲಿದೆ. ಪ್ರತಿ ಡಿಸೆಂಬರಿನಲ್ಲಿ ಮಗಳು, ಅಜ್ಜಿ ಈ ಸಲ ಸಲಾಡು ಯಾವುದರಲ್ಲಿ ಮಾಡುತ್ತಾಳೆ ಎಂದು ಕೇಳುತ್ತಾಳೆ. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಆ ಚಳಿಗೆ ಮತ್ತೊಮ್ಮೆ ಹೋಗುವ ತ್ರಾಣ ನನ್ನಲ್ಲಿಲ್ಲ ಎಂದು ಖಡಾಖಂಡಿತ ಹೇಳುತ್ತೇನೆ. ಹೇಳುತ್ತಲೇ ಬೋಗುಣಿ ಕೆಳಗಿಳಿಸಿ, ತೊಳೆದು, ಒರೆಸಿ, ಒಣಕೊಬ್ಬರಿ ಎಷ್ಟಿದೆ ಎಂದು ನೋಡುತ್ತೇನೆ.